ಬ್ರೆಡ್ಡಿನ ಅಡಿ

ಕೊಯ್ಯುವ ಮುನ್ನ ಅದನ್ನು ಮಗುಚಿ ಹಾಕುತ್ತಿದ್ದಳು ಅಮ್ಮ,
ಕೂಸನ್ನು ಬೋರಲು ಮಲಗಿಸುವವಳ ಹಾಗೆ, ಒಂದೇ ಕೈಯಲ್ಲಿ.
ಚಾಕುವಿನ ತುದಿಯಿಂದ ಉದ್ದಕ್ಕೊಂದು ಗೀಟು, ಅಡ್ಡಕ್ಕೊಂದು,
ಗಾಯವಾಗದಷ್ಟು ಮೆಲ್ಲಗೆ.
ಪಿತನ ಸುತನ ಪವಿತ್ರಾತ್ಮನ, ಎಲ್ಲ ಒಂದೇ ಉಸಿರಿಗೆ,
ಒಲೆಯ ಮೇಲೆ ಹಾಲು ಇದೆಯಲ್ಲ.
ಆಮೇಲೆ ಸರಸರನೆ ಒಂಬತ್ತು ಹೋಳು:
ನಾಲ್ಕು ಅಪ್ಪನ ಗಣಿಯ ಡಬ್ಬಿಗೆ,
ಮೂರು ಮಕ್ಕಳಿಗೆ, ಒಂದು ಅವಳಿಗೆ,
ಇನ್ನೊಂದು ಯಾರಾದರೂ ಬಂದರೆ.

ಯಾರೂ ಬರುತ್ತಿರಲಿಲ್ಲ.
ಬಿತೊಮಿನ ಆ ಕೆಂಪಿಟ್ಟಿಗೆಯ ಸಾಲುಮನೆಗಳಿಗೆ
ಬೆಳಗಿನ ನಾಲ್ಕೂವರೆಗೆ ಬರುವುದು ಮಸಿಯೊಂದೇ,
ಕಿಟಕಿಯ ಅಂಚಿನಲ್ಲಿ ಕೂರುತ್ತಿತ್ತು, ಕರೆಯದ ನೆಂಟ.
ಒಂಬತ್ತನೆಯ ಹೋಳು ಸಂಜೆ ನನ್ನ ಪಾಲು.
ಗಟ್ಟಿಯಾಗಿರುತ್ತಿತ್ತು.

"ಅಡಿಗೇ ಯಾಕೆ ಬರೆಯೋದು? ಮೇಲೆ ಬರೆದರೆ ಚೆಂದ ಅಲ್ಲವಾ?"
"ಬಿಸಿ ತಿಂದದ್ದು ಅಡಿ ಕಣೇ. ಮೊದಲ ಮರ್ಯಾದೆ ಅದಕ್ಕೆ."
ಧರ್ಮದ ಬಗ್ಗೆ ನನ್ನಮ್ಮ ಲುದ್ವಿನಾ
ಇದಕ್ಕಿಂತ ಉದ್ದ ಮಾತಾಡಿದ್ದು ನಾನು ಕೇಳಿಲ್ಲ.

ಬಾಗಿಲ ಪಕ್ಕ ಪಿಂಗಾಣಿಯ ಬಟ್ಟಲು, ತೀರ್ಥ.
ಬೂಟು ಕಟ್ಟಿ ಎದ್ದರೆ ಅಪ್ಪ ಅಲೊಯ್ಜಿ
ಕಂಬದಷ್ಟು ಎತ್ತರ; ನನಗಾಗಿ ಬಗ್ಗುತ್ತಿದ್ದ.
ಅವನ ಹಣೆ ಮುಟ್ಟುವುದು ನನ್ನ ಕೆಲಸ.
ಒದ್ದೆ ಹೆಬ್ಬೆರಳಿನಿಂದ ಒಂದು ಪುಟ್ಟ ಶಿಲುಬೆ,
ಹುಬ್ಬಿನ ಮೇಲೆ ಹಳೆಯ ಗಾಯದೊಳಗೆ ಉಳಿದುಹೋದ
ಕಲ್ಲಿದ್ದಲ ನೀಲಿ ಗೆರೆಯನ್ನು ದಾಟಿ.
ಎಂಟುನೂರು ಮೀಟರು ಕೆಳಗೆ
ಆ ಹನಿ ಎಷ್ಟು ಹೊತ್ತು ಇದ್ದೀತು?
ಬೀದಿಯ ತಿರುವಿನಲ್ಲೇ ಆರಿರುತ್ತಿತ್ತು. ನನಗೆ ಗೊತ್ತಿತ್ತು,
ಅವನಿಗೂ ಗೊತ್ತಿತ್ತು.
ಆದರೂ ನಾನು ಜ್ವರದಲ್ಲಿ ಮಲಗಿದ್ದ ಬೆಳಗು
ಆ ಮನುಷ್ಯ ಕತ್ತಲ ಕೋಣೆಗೆ ಬಂದು,
ಬೂಟಿನ ಸಮೇತ ಮಂಚದ ಪಕ್ಕ ಮಂಡಿಯೂರಿ,
ಹಣೆಯನ್ನು ನನ್ನ ಕೈಯ ಹತ್ತಿರ ತಂದಿಟ್ಟು
ಕಾದ. ಪಾಳಿಯ ಸೈರನ್ನು ಕೂಗಿತು. ಕಾದ.

ಗಣಿ ಮುಚ್ಚಿತು. ಅಪ್ಪ ಹೋದದ್ದು ಹಾಸಿಗೆಯಲ್ಲಿ, ಉಸಿರು ಸಾಲದೆ.
ಅಮ್ಮನ ನಂತರ ಬಟ್ಟಲು ತಂಗಿಗೆ, ಚಾಕು ನನಗೆ.
ಮಸೆದು ಮಸೆದು ಅದೀಗ ವಿಲೋ ಎಲೆಯಷ್ಟು ಸಪೂರ.

ನಾನು ಟ್ರಾಮ್ ಓಡಿಸುತ್ತೇನೆ. ಮೂರಕ್ಕೆ ಏಳುತ್ತೇನೆ.
ಭಾನುವಾರ ಪಾಳಿ ಬಿದ್ದರೆ ಬಲಿಪೂಜೆ ತಪ್ಪುತ್ತದೆ,
ಪಾಳಿ ಆಗಾಗ ಬೀಳುತ್ತದೆ, ಕೆಲವು ಸಲ ನಾನೇ ಕೇಳಿ ಪಡೆಯುತ್ತೇನೆ.
ದೇವರಿದ್ದಾನಾ ಎಂದು ಯಾರಾದರೂ ಕೇಳಿದರೆ
ಯಾವ ಸ್ಟಾಪಿನಲ್ಲಿ ಎನ್ನುತ್ತೇನೆ.
ಆದರೆ ಬ್ರೆಡ್ಡು ಮಗುಚದೆ ಕೊಯ್ದದ್ದಿಲ್ಲ, ಒಂದು ದಿನವೂ.

ಮೊನ್ನೆ ಅಂಗಡಿಯಲ್ಲಿ ಉಳಿದದ್ದು ಒಂದೇ ಬಗೆ,
ಪ್ಲಾಸ್ಟಿಕ್ಕಿನೊಳಗೆ ಮೊದಲೇ ಕೊಯ್ದಿಟ್ಟದ್ದು.
ಬೆಳಿಗ್ಗೆ ಹಲಗೆಯ ಮೇಲಿಟ್ಟು, ಮಗುಚಿ, ಚಾಕು ಎತ್ತಿ
ಪೆದ್ದಿಯ ಹಾಗೆ ನಿಂತೆ.
ಎಲ್ಲಿ ಬರೆಯಲಿ? ತುದಿ ತಾಗಿದರೆ ಸಾಕು
ಹೋಳಿನ ಮೇಲೆ ಹೋಳು ಒರಗುತ್ತದೆ,
ಕುಡಿದು ಮನೆಗೆ ಬರುವ ಗಂಡಸರ ಹಾಗೆ.
ಕೊಯ್ಯುವುದೇ ಇಲ್ಲದ ಮೇಲೆ ಈ ಚಾಕುವಿಗೇನು ಕೆಲಸ?

ಪಕ್ಕದ ಮನೆಯ ಗೆರ್ತ್ರುದಾಳ ಸೋಫಾಕ್ಕೆ
ನಿದ್ದೆ ಮುಂದುವರಿಸಲು ಹೊರಟಿದ್ದ ನನ್ನ ಕಾಯೆತಾನ್,
ಏಳು ವರ್ಷ, ಒಂದೇ ಕಾಲುಚೀಲ,
ನನ್ನನ್ನು ನೋಡಿದ, ಬ್ರೆಡ್ಡನ್ನು ನೋಡಿದ.
ಎರಡೂ ಅಂಗೈಯಿಂದ ಹೋಳುಗಳನ್ನು ಅತ್ತಲಿಂದಿತ್ತಲಿಂದ ಒತ್ತಿ
ಅಕಾರ್ಡಿಯನ್ ಮುಚ್ಚುವವನಂತೆ ಬಿಗಿಹಿಡಿದು,
"ಹೂಂ, ಬೇಗ," ಎಂದ, "ಕೈ ನೋಯುತ್ತೆ."

ಬರೆದೆ.
ಅವನು ಬಿಟ್ಟ. ಶಿಲುಬೆ ಎಲ್ಲಿ ಹೋಯಿತೋ,
ಒಂದೊಂದು ಹೋಳಿನ ಅಂಚಿಗೂ ಬಂದದ್ದು
ಚುಕ್ಕೆಯಷ್ಟು ಗೀರು, ಒಂದಕ್ಕೆ ಮಾತ್ರ ಇಡೀ ಗೆರೆ.
ಅದು ತನಗೇ ಬೇಕೆಂದು ಹಟ ಹಿಡಿದ.

ಡಿಪೋ ತಲುಪಿದಾಗ ಮೂರು ನಿಮಿಷ ತಡ.
ರಿಜಿಸ್ಟರಿನಲ್ಲಿ ಕಾರಣ ಬರೆಯಲು ಒಂದು ಕಲಮಿದೆ,
ಸಾಮಾನ್ಯವಾಗಿ ಎಲ್ಲರೂ ಹಿಮ ಎಂದು ಬರೆಯುತ್ತಾರೆ.
ಸ್ವಲ್ಪ ಯೋಚಿಸಿ
ಬ್ರೆಡ್ಡು ಎಂದು ಬರೆದು ಸಹಿ ಹಾಕಿದೆ.