ಹಾಯಲೀಯಾದ ಹುಂಜ

ಮಯಾಮಿಯ ಮಗ್ಗುಲಿಗೆ ಹಾಯಲೀಯಾ.
ಟೈರು ಅಂಗಡಿಯ ಬೆನ್ನಿಗೆ ಆತುಕೊಂಡ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ, ಹಳೆ ಕಂಬಳಿ,
ಬಾಡಿಗೆಯ ಬದಲು ಯಾರೋ ಬಿಟ್ಟುಹೋದ ಕಾಂಗಾ ಡೋಲು.
ಹಾಡು ಶುರುವಾದರೆ ಏಸಿ ಆರಿಸಬೇಕು,
ಅದರ ಗೊಣಗಾಟ ಮೈಕಿಗೆ ಬೀಳುತ್ತದೆ.
ಆಗಸ್ಟ್ ತಿಂಗಳು. ಎಲಿಯೇಸರ್ ಬನಿಯನ್ನಿನಲ್ಲೇ ಕೂತು
ಗುಂಡಿಗಳ ಮೇಲೆ ಬೆವರು ತೊಟ್ಟಿಕ್ಕದಂತೆ
ಕೊರಳಿಗೆ ಟವೆಲ್ ಸುತ್ತಿಕೊಂಡಿದ್ದಾನೆ.

ಕಂಪನಿಯ ಕಾಗದದಲ್ಲಿ ಎಲ್ಲಕ್ಕೂ ಲೆಕ್ಕ:
ಅವಳದು ಸ್ಪ್ಯಾನಿಷ್, ಅವನದು ಇಂಗ್ಲಿಷ್, ಸಮಸಮ.
ಪಲ್ಲವಿಯಲ್ಲಿ ಮಾತ್ರ
ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ,
ಮನೆ ಪಾಲಾದಾಗ
ಬಾವಿಯನ್ನು ಹಂಚದೆ ಬಿಟ್ಟ ಹಾಗೆ.

ಯಾರಿತ್ಸಾ ಮೊಂತೀಹೋ, ನಲವತ್ತಮೂರು,
ಪೋರ್ಟೊರಿಕೊದ ಪೋನ್ಸೆಯವಳು. ಒಂದು ಕಾಲಕ್ಕೆ
ಬಸ್ಸುಗಳ ಬೆನ್ನ ಮೇಲೆಲ್ಲ ಅವಳ ಮುಖ.
ಈಗ ಮದುವೆಗಳಲ್ಲಿ ಹಾಡುತ್ತಾಳೆ, ಊಟಕ್ಕೆ ಮೊದಲು.
ವೆಂಡೆಲ್ ಟ್ಯಾಕೆಟ್, ಇಪ್ಪತ್ತಾರು,
ಕೆಂಟಕಿಯ ಗಣಿಬೆಟ್ಟದ ಹುಡುಗ,
ಮೂಗಿನಿಂದ ಹಾಡುವವನು, ಮೂಗಿನಿಂದಲೇ ಗೆದ್ದವನು.
ಕೈಕುಲುಕಿ, ಮೊದಲ ಸಲ ಕೂತ ಬೀಗರಂತೆ
ಕುರ್ಚಿಯ ತುದಿಯಲ್ಲಿ ಕೂತರು.

'ಕರ್ರೆತೇರಾ' ಅವನಿಗೆ ಹೊರಳಲಿಲ್ಲ.
ಹೆದ್ದಾರಿ, ಅಷ್ಟೇ ಅರ್ಥ. ಆದರೆ ಆ ನಡುವಿನ ರಕಾರ
ಅಂಗುಳಿಗೆ ಬಡಿದು ಬಡಿದು ಉರುಳಬೇಕು.
ನಮ್ಮಲ್ಲೂ ಇತ್ತಲ್ಲ ಒಂದು ಱ,
ಶಕಟರೇಫ ಅಂತ ಬಂಡಿಯ ಹೆಸರಿಟ್ಟಿದ್ದರು ಹಿಂದಿನವರು,
ಯಾವ ಶತಮಾನದ ಯಾವ ತಿರುವಿನಲ್ಲಿ
ಗಾಲಿ ಕಳಚಿತೋ.
ಇಪ್ಪತ್ತೊಂದು ಸಲ ಆಯಿತು.
ಗೋಡೆಯಾಚೆ ರಿಗೋ ಟ್ರಕ್ಕಿನ ನಟ್ಟು ಬಿಚ್ಚುತ್ತಿದ್ದ,
ಯಂತ್ರ ರ್ರ್ರ್ರ್ ಅಂತು.
'ಅದೇ!' ಅಂದಳು, 'ಅದರ ಹತ್ತಿರ ಕಲಿ.'

ಆಮೇಲೆ 'ಮಾದ್ರುಗಾದಾ'.
ಇದನ್ನು ನಾಲಿಗೆ ಹೇಳಿತು, ತಲೆ ಒಪ್ಪಲಿಲ್ಲ.
ಅಂದರೆ ಬೆಳಿಗ್ಗೆಯೇ? ಅಲ್ಲ.
ರಾತ್ರಿಯೇ? ಅದೂ ಅಲ್ಲ.
ಮೂರು ಗಂಟೆಯೇ? ಗಂಟೆಯಲ್ಲ ಮಾರಾಯ,
ಕುಡಿದವನು ಮನೆ ಸೇರುವಾಗ
ಬೇಕರಿಯವನು ಮನೆ ಬಿಡುತ್ತಾನಲ್ಲ,
ಇಬ್ಬರೂ ಮೆಟ್ಟಿಲಲ್ಲಿ ಎದುರಾಗಿ...
ಅವಳ ಇಂಗ್ಲಿಷ್ ಅಲ್ಲಿಗೆ ತೀರಿತು.
ನಾನಿದ್ದರೆ ನನ್ನ ಮಾತಿನಲ್ಲಿ ಥಟ್ಟನೆ ಹೇಳುತ್ತಿದ್ದೆ.
ಅದೂ ಅವನಿಗೆ ತಿಳಿಯುತ್ತಿರಲಿಲ್ಲ, ಬಿಡಿ.

ರಿಗೋ ಬೀಗ ಹಾಕಿ ಹೋದ. ಹತ್ತಾಯಿತು, ಎರಡಾಯಿತು.
ಕೊನೆಯ ಸಲ ಅಂತ ಮತ್ತೆ ಏಸಿ ಆರಿಸಿದರು.
ಒಂದೇ ಮೈಕು, ಭುಜಕ್ಕೆ ಭುಜ.
ಪಲ್ಲವಿ ಮುಗಿದು ಉಸಿರೆಳೆದುಕೊಳ್ಳುವ ಜಾಗದಲ್ಲಿ
ಬೇಲಿಯಾಚೆ ಯಾರದೋ ಹುಂಜ
ಕೂಗಿತು.
ಅವಳು ಹಾಡು ನಿಲ್ಲಿಸದೆ
ಬೆರಳೆತ್ತಿ ಕಿಟಕಿ ತೋರಿಸಿದಳು.
ವೆಂಡೆಲ್ ತಲೆದೂಗಿದ.

ಕಂಪನಿಯಿಂದ ಬಂತು: ಹಾಡು ಚೆನ್ನಾಗಿದೆ, ಕೋಳಿ ತೆಗೆಯಿರಿ.
ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಎರಡು ದಿನ ಕೂತ ಎಲಿಯೇಸರ್.
ಹುಂಜವನ್ನು ತೆಗೆದರೆ ಅವಳ ಉಸಿರು ಹೋಗುತ್ತದೆ,
ಉಸಿರು ಉಳಿಸಿದರೆ ಕೊಕ್ಕಿನ ತುದಿ ಉಳಿಯುತ್ತದೆ.
ತಗ್ಗಿಸಿ, ಮತ್ತೂ ತಗ್ಗಿಸಿ, ಎಡಗಿವಿಯ ಅಂಚಿಗೆ ಸರಿಸಿ
'ತೆಗೆದಿದ್ದೇನೆ' ಎಂದು ಬರೆದ.

ಶುಕ್ರವಾರ ಹುಟ್ಟುವ ಮಧ್ಯರಾತ್ರಿ ಹಾಡು ಹೊರಬಿತ್ತು.
ಚಿತ್ರದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ನಿಂತ ಇಬ್ಬರು,
ಅವಳ ಹದಿನೈದು ವರ್ಷ ಯಾರೋ ಒರೆಸಿದ್ದರು.
ಅಂಗಡಿಯೆದುರು ಟೈರಿನ ಮೇಲೆ ಕೂತು,
ಸದ್ದು ದೊಡ್ಡದಾಗಲೆಂದು ಫೋನನ್ನು ಖಾಲಿ ಡಬ್ಬದಲ್ಲಿಟ್ಟು
ಕೇಳಿದರು. ರಿಗೋ ಮಾತ್ರ ಎಡಗಿವಿ ಮುಚ್ಚಿ, ತೆಗೆದು, ನಕ್ಕ.
ಪಟ್ಟಿಯಲ್ಲಿ ಮೂವತ್ತೆಂಟಕ್ಕೆ ಏರಿತು. ಒಂಬತ್ತು ದಿನ.
ಇಳಿಯುವಾಗ ಯಾರಿಗೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ವೆಂಡೆಲ್ ಒಂದು ಫೋಟೋ ಕಳಿಸಿದ:
ಓಡುವ ಬಸ್ಸಿನ ಕಿಟಕಿ,
ಕತ್ತಲೂ ಅಲ್ಲದ ಬೆಳಕೂ ಅಲ್ಲದ ಜೋಳದ ಹೊಲ.
ಕೆಳಗೊಂದೇ ಪದ, ಒಂದಕ್ಷರ ತಪ್ಪಿ.
ಮದುವೆಯೊಂದನ್ನು ಮುಗಿಸಿ ಬಂದ ಯಾರಿತ್ಸಾ
ಚಪ್ಪಲಿ ಕೈಲಿ ಹಿಡಿದು ಮೆಟ್ಟಿಲ ಮೇಲೆಯೇ ಕೂತಳು.
ತಿದ್ದಲಿಲ್ಲ. ಹಾಡಿ ಹಾಡಿ ಒಡೆದ ದನಿಯಲ್ಲಿ
ಫೋನಿಗೆ ಬಾಯಿಟ್ಟು ಕೂಗಿದಳು:
ಕಿಕಿರಿಕೀ.