ಸರಾಸರಿ ಜವ

ಪುಸ್ತಕದಲ್ಲಿ ಸ್ಪೀಡಿಗೆ ಜವ ಅಂತ ಅಚ್ಚಾಗಿದೆ.
ನಮ್ಮಜ್ಜಿಯ ಬಾಯಲ್ಲಿ ಜವ ಅಂದರೆ ಕೋಣವೇರಿ ಬರುವವನು.
ನಕ್ಕೆ. ತಂಜೀಲಾ ನಗಲಿಲ್ಲ. ಹದಿನೇಳು ವರ್ಷದ ಮೇಷ್ಟ್ರು,
ಮಾವಿನ ಮಂಡಿಯಲ್ಲಿ ಚೀಟಿ ಬರೆಯುವವರ ಮೊಮ್ಮಗಳು,
ಖಾಲಿ ಕ್ರೇಟು ಬೋರಲು ಹಾಕಿ ಕೂತು
"ಜೋರಾಗಿ ಓದಿ ಆಂಟಿ" ಅಂದಳು.

ಒಂದು ವಾಹನವು ಎ ಎಂಬ ಊರಿನಿಂದ ಬಿ ಎಂಬ ಊರಿಗೆ
ಗಂಟೆಗೆ ನಲವತ್ತರಂತೆ ಹೋಗಿ
ಅರವತ್ತರಂತೆ ಹಿಂತಿರುಗಿದರೆ, ಸರಾಸರಿ ಜವವೆಷ್ಟು?

ಇದೇನು ಮಹಾ. ಕೂಡು, ಅರ್ಧ ಮಾಡು.
ಐವತ್ತು ಅಂದೆ.
ತಪ್ಪು.
ರಸಪುರಿಯ ಸೊನೆ ಸುಟ್ಟ ಬೆರಳಲ್ಲಿ
ಮತ್ತೆ ಕೂಡಿದೆ. ಮತ್ತೆ ಐವತ್ತು. ಮತ್ತೆ ತಪ್ಪು.
ಈ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಟ್ಟಿದವಳಿಗೆ
ಇಷ್ಟು ಕೊಬ್ಬು ಇರಬಾರದು, ಆದರೂ ಅಂದೆ:
ಪುಸ್ತಕವೇ ತಪ್ಪಿರಬೇಕು ಕಣಮ್ಮ.

ಅವಳು ಕ್ರೇಟಿನ ಬೆನ್ನಿಗೆ ಸೀಮೆಸುಣ್ಣದ ಗೆರೆ ಎಳೆದಳು.
ಈ ತುದಿ ಶ್ರೀನಿವಾಸಪುರ, ಆ ತುದಿ ಕೋಲಾರ.
ಇಪ್ಪತ್ನಾಲ್ಕು ಕಿಲೋಮೀಟರು ಅಂತಿಟ್ಟುಕೊಳ್ಳಿ.
ಲೋಡು ಹೊತ್ತು ಹೋದಾಗ ಮೂವತ್ತಾರು ನಿಮಿಷ.
ಖಾಲಿ ಬಂದಾಗ ಇಪ್ಪತ್ನಾಲ್ಕು.
ಯಾವುದರೊಳಗೆ ಹೆಚ್ಚು ಹೊತ್ತು ಕೂತಿದ್ದಿರಿ ಆಂಟಿ?

ಹೌದಲ್ಲ.
ಹಣ್ಣು ಜಜ್ಜದಿರಲೆಂದು ಗಂಗುಲಪ್ಪ ಹಂಪು ಬಂದಲ್ಲೆಲ್ಲ ತಡೆದು ತಡೆದು,
ಹುಲ್ಲಿನ ಮೇಲೆ ಕಾಲು ಮಡಚಿ ಕೂತ ನನಗೆ
ಸೊಂಟ ಹಿಡಿದದ್ದು ಹೋಗುವಾಗ.
ಬರುವ ದಾರಿ ನೆನಪೇ ಇಲ್ಲ.
ಗಾಳಿ, ಕ್ರೇಟುಗಳ ಗಡಗಡ, ಅಷ್ಟರಲ್ಲಿ ಮನೆ.
ರಸ್ತೆ ಅದೇ, ಹೊತ್ತು ಅದೇ ಅಲ್ಲ.
ನಿಧಾನದ್ದಕ್ಕೆ ತೂಕ ಹೆಚ್ಚು.
ಹನ್ನೊಂದು ಸೀಜನ್ನು ತಕ್ಕಡಿ ಹಿಡಿದವಳಿಗೆ
ಇದನ್ನು ಮೊದಲೇ ಹೇಳಬಾರದಿತ್ತೆ?

ನಲವತ್ತೆಂಟು. ಬರೆದೆ.
"ಏಕಮಾನ ಬರೀರಿ, ಇಲ್ಲಾಂದ್ರೆ ಅರ್ಧ ಮಾರ್ಕ್ಸು ಹೋಗುತ್ತೆ."
ಕಿ.ಮೀ., ಗೀಟು, ಗಂಟೆ.
ಇರುವುದೊಂದು ಮಾನ, ಅರ್ಧಕ್ಕೇಕೆ ಕಳೆಯಲಿ.

ಇವತ್ತು ಕೊಳೆತದ್ದು ಆರಿಸಿಕೊಟ್ಟು, ಖಾಲಿ ಗಾಡಿಯಲ್ಲಿ
ಡ್ರೈವರ್ ಪಕ್ಕವೇ ಕೂತು ಕೇಳಿದೆ,
ಎಷ್ಟರಲ್ಲಿ ಹೋಗ್ತಿದ್ದೀಯ ಗಂಗುಲಪ್ಪ?
ಮೀಟರು ಕೆಟ್ಟು ಎರಡು ವರ್ಷ ಕಣಕ್ಕ, ಅಂದ.
ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.
ಹುಣಸೆಮರಗಳು ಓಡುತ್ತಿದ್ದವು.

ಸರಿ, ಎಕ್ಸ್ ಅಂದುಕೊಳ್ಳೋಣ, ಅಂದೆ.

ಯಾರಕ್ಕ ಅವನು? ಅಂದ.