ಕತ್ತಲಾಗ್ಲಿ ತಡೀರಿ

ಹಾರನ್ನು ಓಣಿಗೆಲ್ಲ ಕೇಳುವಂತೆ ಕೂಗುತ್ತದೆ,
ಅಂದರೆ ಬ್ಯಾಟರಿ ಸತ್ತಿಲ್ಲ.
ಕಾರ್ಬೊರೇಟರಿನ ಬಾಯಲ್ಲಿ ಪೆಟ್ರೋಲಿನ ವಾಸನೆ,
ಅಂದರೆ ಹಸಿದೂ ಇಲ್ಲ.
ಆದರೂ ಈ ಎಪ್ಪತ್ತೊಂದರ ಅಂಬಾಸಿಡರು
ಗರ್ರ್ ಗರ್ರ್ ಎಂದು ಗಂಟಲು ಸರಿಮಾಡಿಕೊಂಡು
ಮಾತಾಡದೆ ಕೂತುಬಿಡುತ್ತದೆ,
ಕೌಲ್ ಬಜಾರಿನ ಸಂದಿಯಲ್ಲಿ, ದಸ್ತಗಿರಿಯ ತಗಡಿನ ಕೆಳಗೆ,
ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ.

ನಾನು ಇಪ್ಪತ್ತಮೂರು ವರ್ಷ
ಕಾಲೇಜಿನ ಬೋರ್ಡಿನ ಮೇಲೆ ಪ್ರೇರಣಾ ಸುರುಳಿ ಬರೆದವಳು.
ಹನ್ನೆರಡು ವೋಲ್ಟು ಒಳಗೆ, ಹದಿನೈದು ಸಾವಿರ ಹೊರಗೆ,
ಬಾಣದ ಗುರುತು, ಒಂದು ಸಮೀಕರಣ, ಆರು ಅಂಕ.
ಕಿಡಿ ಬಂದಾಗ ಮಾತ್ರ
ಸೀಮೆಸುಣ್ಣದಲ್ಲೊಂದು ನಕ್ಷತ್ರ ಗೀಚಿ ಮುಗಿಸುತ್ತಿದ್ದೆ.

ಡಿಸ್ಟ್ರಿಬ್ಯೂಟರಿಗೆ ದಸ್ತಗಿರಿ ಡೆಲ್ಕೊ ಅನ್ನುತ್ತಾನೆ.
ಅದರ ಟೋಪಿ ಕಳಚಿ ಪಾಯಿಂಟು ಉಜ್ಜಿದ.
ಸಂದು ಅಳೆಯಲು ಯಾರದೋ ಲಗ್ನಪತ್ರಿಕೆ ಹರಿದು ತೂರಿಸಿದ,
ವರನ ಹೆಸರು ಅರ್ಧ ಓದಬಹುದಿತ್ತು.
ಕಂಡೆನ್ಸರ್ ಬದಲಾಯಿತು.
ಪಕ್ಕದ ಫಿಯೆಟ್ಟಿನಿಂದ ಕಾಯಿಲ್ಲು ಕಡ ಬಂತು.
ಪ್ಲಗ್ಗು ಬಿಚ್ಚಿ ಕಬ್ಬಿಣಕ್ಕೆ ತಾಗಿಸಿ ಹಿಡಿದರೆ
ಒಮ್ಮೆ ಬಡಕಲು ಹಳದಿ,
ಮತ್ತೊಮ್ಮೆ ಅದೂ ಇಲ್ಲ.

‘ಕರೆಂಟು ಹುಟ್ಟಾಕತ್ತೈತ್ರಿ ಮೇಡಮ್,
ದಾರಿಯಾಗ ಎಲ್ಲೋ ಇಳದು ಹೋಗಾಕತ್ತೈತಿ.
ಹಗಲಿನ್ಯಾಗ ಕಾಣಂಗಿಲ್ಲ. ಕತ್ತಲಾಗ್ಲಿ ತಡೀರಿ.’

ತಡೆದೆ. ವಗ್ಗಾಣಿ ಬಂತು, ಜೊತೆಗೆರಡು ಮಿರ್ಚಿ.
ಗುಡ್ಡ ಕಪ್ಪಾಯಿತು, ಬಂಡೆಯ ಬಿಸಿ ಮಾತ್ರ ಇಳಿಯಲಿಲ್ಲ.
ಅಷ್ಟರಲ್ಲಿ ಬೀದಿದೀಪ. ಎದುರಿನ ಜೀನ್ಸ್ ಕಾರ್ಖಾನೆಯಲ್ಲಿ
ಸಾಲಾಗಿ ಟ್ಯೂಬ್‌ಲೈಟು.
ಹೊಲಿಗೆ ಅಲ್ಲಿ, ಬೆಳಕು ನಮ್ಮ ಬಾನೆಟ್ಟಿನೊಳಗೆ.
ದಸ್ತಗಿರಿ ಬೈದ, ಬೆಳಕನ್ನು.

ಏಳು ನಲವತ್ತಕ್ಕೆ ಊರಿನ ಕರೆಂಟು ಹೋಯಿತು.
ಹೊಲಿಗೆ ಯಂತ್ರಗಳೆಲ್ಲ ಅರ್ಧ ಸೀಮಿನಲ್ಲಿ ನಿಂತವು.
ಹುಡುಗಿಯರು ಗಾಳಿಗೆಂದು ಹೊರಬಂದರು.
‘ಈಗ್ ತಿರುವ್ರಿ!’

ತಿರುವಿದೆ.
ಸ್ಟೀರಿಂಗಿನ ಹಿಂದೆ ಕೂತವಳಿಗೆ
ಎದ್ದುನಿಂತ ಬಾನೆಟ್ಟಿನ ಬೆನ್ನು ಬಿಟ್ಟರೆ ಏನು ಕಂಡೀತು?
‘ಅಯ್ಯ, ಹುಳ! ನೀಲಿ ಹುಳ!’
ಕೂಗಿದವಳು ಹುಲಿಗೆಮ್ಮ, ಜಿಪ್ಪು ಹಚ್ಚುವ ಹುಡುಗಿ.

ಇಳಿದು, ಅವಳನ್ನು ಸೀಟಿಗೆ ಕೂರಿಸಿ,
ಕೀಲಿ ತೋರಿಸಿ, ನಾನು ಬಂದು ಬಗ್ಗಿದೆ.
ಟೋಪಿಯ ಮೈಮೇಲೆ ಮೂರನೇ ವೈರಿನ ಬುಡದಿಂದ
ಕೂದಲಿಗಿಂತ ತೆಳುವಾದ ಬಿರುಕು ಹಿಡಿದು
ನೀಲಿ,
ಜೀನ್ಸ್ ತೊಳೆದ ನೀರು ಚರಂಡಿಗೆ ಬೀಳುವಾಗಿನ ನೀಲಿ,
ಚಿಟಿಚಿಟಿ ಹರಿದು ಕ್ಲಿಪ್ಪಿಗೆ, ಕ್ಲಿಪ್ಪಿನಿಂದ ಕಬ್ಬಿಣಕ್ಕೆ.
ಬಾಣದ ಗುರುತು ಇರಲಿಲ್ಲ.
‘ಇನ್ನೊಮ್ಮೆ ತಿರುವವ್ವ’ ಅಂದೆ.
ಬೇಕಾಗಿರಲಿಲ್ಲ. ಆದರೂ ಇನ್ನೊಮ್ಮೆ.

ಬಿರುಕಿನ ತುಂಬ ಕೆಂಧೂಳು.
ಸಂಡೂರಿನ ಅದಿರಿನ ಲಾರಿಗಳು ಮನೆ ಮುಂದೆ
ಹಗಲಿರುಳು ಓಡಿದ ವರ್ಷಗಳದ್ದಿರಬೇಕು.
‘ಕರೆಂಟಿಗೆ ಅದಿರಿನ ರುಚಿ ಹತ್ತೈತ್ರಿ’ ಅಂದ ದಸ್ತಗಿರಿ.
ಧೂಳಿಗಿಂತ ಮಸಿಯದೇ ತಪ್ಪು ಹೆಚ್ಚು.
ನಾನು ತಿದ್ದಲಿಲ್ಲ.

ಬ್ಲೇಡಿನಿಂದ ಕೆರೆದ. ಪೆಟ್ರೋಲಿನಲ್ಲಿ ತೊಳೆದ.
ಹೊಸ ಟೋಪಿ ಹುಬ್ಬಳ್ಳಿಯಿಂದ ಬರಬೇಕು, ನಾಲ್ಕು ದಿನ.
‘ಉಗುರಿನ ಬಣ್ಣ ಐತೇನ್ರಿ ಯಾರತ್ರಾರ?’
ನನ್ನ ಚೀಲದಲ್ಲಿ ಉತ್ತರಪತ್ರಿಕೆಗಳಿದ್ದವು.
ಹುಲಿಗೆಮ್ಮನ ಚೀಲದಲ್ಲಿತ್ತು, ದಾಳಿಂಬೆ ಕೆಂಪು.
ಅವಳ ಉಗುರಿನ ಸುತ್ತ ತೊಳೆದರೂ ಹೋಗದ ಜೀನ್ಸಿನ ನೀಲಿ,
ಮೇಲೆ ಅದೇ ದಾಳಿಂಬೆ.
ಮೊಬೈಲಿನ ಬೆಳಕಲ್ಲಿ ದಸ್ತಗಿರಿ ಬಿರುಕಿಗೆ
ಒಂದು ಕೈ ಬಳಿದ, ಆರಿದ ಮೇಲೆ ಇನ್ನೊಂದು.
ಮೂವರೂ ಊದಿದೆವು.

ಒಂದೇ ತಿರುವಿಗೆ ಹತ್ತಿತು.
ಆ ಸದ್ದಿಗೆ ಯಂತ್ರ ಶುರುವಾದವೆಂದು
ಇಬ್ಬರು ಹುಡುಗಿಯರು ಒಳಗೋಡಿ
ಕತ್ತಲಲ್ಲಿ ನಗುತ್ತ ತಿರುಗಿ ಬಂದರು.
‘ಬಾಟ್ಲಿ ಕೊಡ್ರಿ ಮೇಡಮ್’ ಅಂದಳು ಹುಲಿಗೆಮ್ಮ.

ಶ್ರಾವಣ ಮುಗಿಯಿತು. ಹುಬ್ಬಳ್ಳಿಯ ಟೋಪಿ
ಇನ್ನೂ ದಾರಿಯಲ್ಲಿದೆಯಂತೆ.
ಬಣ್ಣ ಸುಲಿದಾಗ ಆ ಸಂದಿಗೆ ಹೋಗಿ
ಅವರ ಊಟದ ಗಂಟೆಗೆ ಕಾಯುತ್ತೇನೆ.
ಈ ಸಲ ಅವಳ ಹತ್ತಿರ ಇದ್ದದ್ದು ಹಸಿರು.